ನಿಲ್ಲದವನಿಗೆ ಹನ್ನೊಂದು ಓಟು

ಆ ಶುಕ್ರವಾರದ ಕಷ್ಟವೆಲ್ಲ ಶುರುವಾದದ್ದು ಒಂದು ಚಾರ್ಟ್ ಪೇಪರಿನಿಂದ. ಕೊಲ್ಲಿ ನಾಡಿನ ಅಹ್ಮದಿಯಲ್ಲಿ ಎಣ್ಣೆ ಕಂಪೆನಿಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುವ ಕಮಲಾಕ್ಷ ಇನ್ನೂ ಚಹಾದ ಲೋಟ ಬಾಯಿಗಿಟ್ಟಿರಲಿಲ್ಲ, ಮಗಳು ಅಶ್ಮಿತಾ ಅದನ್ನು ತಂದು ಅವನ ಕಾಲ ಬುಡದಲ್ಲಿ ಹರಡಿದಳು.

“ಪಪ್ಪಾ, ಹೆಲ್ಪ್ ಮೀ. ಸೌತ್ ಕೆರೊಲಿನಾ, ಏಟೀನ್ ಥರ್ಟಿಟೂ ಎಲೆಕ್ಷನ್. ಸಂಡೇ ಸಬ್ಮಿಟ್ ಮಾಡ್ಬೇಕು.”

ಕಂಪೆನಿ ಫೀಸು ಕೊಡುತ್ತದೆಂದು ಮಗಳನ್ನು ಅಮೆರಿಕನ್ ಸಿಲೆಬಸ್ಸಿನ ಶಾಲೆಗೆ ಸೇರಿಸಿ ಬಿಲ್ಡಿಂಗಿನಲ್ಲೆಲ್ಲ ಜಂಬ ಕೊಚ್ಚಿದವನು ಅವನೇ. ಮಾಡಿದ್ದುಣ್ಣೋ ಮಹಾರಾಯ. ತನ್ನೂರಿನ ಪಂಚಾಯಿತಿಗೆ ಯಾರು ನಿಂತಿದ್ದಾರೆಂದು ತಿಳಿಯದ ಮನುಷ್ಯ ಕನ್ನಡಕ ಏರಿಸಿ ಓದತೊಡಗಿದ. ಆ ರಾಜ್ಯದಲ್ಲಿ ಅಮೆರಿಕದ ಅಧ್ಯಕ್ಷನನ್ನು ಆರಿಸಲು ಜನರಿಗೆ ಓಟೇ ಇರಲಿಲ್ಲವಂತೆ. ಎಲ್ಲವೂ ಶಾಸನಸಭೆಯ ಕೈಯಲ್ಲಿ. ಅವರೋ ಸುಂಕದ ಮೇಲಿನ ಸಿಟ್ಟಿಗೆ, ಕಣದಲ್ಲಿದ್ದ ಘಟಾನುಘಟಿಗಳನ್ನೆಲ್ಲ ಬಿಟ್ಟು, ರಾಜ್ಯದ ಪಾಲಿನ ಹನ್ನೊಂದಕ್ಕೆ ಹನ್ನೊಂದು ಓಟನ್ನೂ ವರ್ಜೀನಿಯಾದ ಗವರ್ನರ್ ಫ್ಲಾಯ್ಡನಿಗೆ ಕೊಟ್ಟಿದ್ದರು. ಅವನು ಸ್ಪರ್ಧೆಯಲ್ಲೇ ಇರಲಿಲ್ಲ.

“ಅವನನ್ನು ಒಂದು ಮಾತು ಕೇಳಿದ್ರಂತಾ?” ನೀರುದೋಸೆ ಎರೆಯುತ್ತಿದ್ದ ಹೆಂಡತಿ ವಾರಿಜಾ ಅಡುಗೆಮನೆಯಿಂದಲೇ ವಿಚಾರಿಸಿದಳು.

“ಕೇಳಿದ ಹಾಗೆ ಕಾಣುವುದಿಲ್ಲ.”

“ಕೆಲವರ ಅದೃಷ್ಟ ನೋಡಿ!”

ಆ ಮಾತು ಕಮಲಾಕ್ಷನ ಕಿವಿಗೆ ಬೀಳಲಿಲ್ಲ. ಅವನ ಚಿಂತೆಯೆಲ್ಲ ಮಧ್ಯಾಹ್ನ ಸಾಲ್ಮಿಯಾದ ಹೋಟೆಲಿನಲ್ಲಿದ್ದ ಕರಾವಳಿ ಸಂಘದ ಮಹಾಸಭೆಯ ಮೇಲಿತ್ತು. ಆ ಸಂಘದ ಪದ್ಧತಿಯೇ ವಿಚಿತ್ರ. ಅಧ್ಯಕ್ಷತೆಗೆ ಯಾರೂ ನಿಲ್ಲುವುದಿಲ್ಲ. ಸಭೆಗೆ ಬಾರದವನ ಹೆಸರು ಹೇಳಿ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ. ಅಧ್ಯಕ್ಷನಾದವನ ರಜೆಯ ಶುಕ್ರವಾರಗಳು ಖಲಾಸ್. ಎರಡು ಅವಧಿ ಕಾರ್ಯದರ್ಶಿಯಾಗಿ ಸೊರಗಿದ್ದ ಕಮಲಾಕ್ಷ ಇನ್ನು ಮೇಲೆ ಶುಕ್ರವಾರವೆಲ್ಲ ಮನೆಗೆ ಎಂದು ವಾರಿಜಾಳಿಗೆ ಆಣೆಯಿಟ್ಟಿದ್ದ.

“ಈ ಸಲ ನೀವು ಅಧ್ಯಕ್ಷ ಆಗಿ ಬಂದ್ರೆ ಊಟ ಸಂಘದಲ್ಲೇ ಮಾಡಿ,” ಎಂದಿದ್ದಳು ಆಕೆ. ಈಗ ರೇಷ್ಮೆ ಸೀರೆ ತೆಗೆದಿಟ್ಟು, “ನಾನು ಹೋಗಿ ಬರ್ತೇನೆ, ನೀವೇ ಚಾರ್ಟ್ ಮುಗಿಸಿ,” ಎಂದಳು.

“ಎಂತ ಮಾತಾಡ್ತಿ ಮಾರಾಯ್ತಿ! ನಾನು ಹೋಗದಿದ್ರೆ ನನ್ನ ಕುತ್ತಿಗೆಗೇ ಕಟ್ತಾರೆ. ಗಮ್ ಹಚ್ಚುವುದು ನೀನೇ ಹಚ್ಚು,” ಎಂದು ಕಮಲಾಕ್ಷ ಓಡಿದ.

ಸಭೆ ಕಿಕ್ಕಿರಿದಿತ್ತು. ಜ್ವರ ಬಂದವರೂ ಮಾಸ್ಕ್ ಹಾಕಿಕೊಂಡು ಹಾಜರಿದ್ದರು. ಊರಿಗೆ ರಜೆಯಲ್ಲಿ ಹೋಗಿದ್ದ ದೇಜಪ್ಪಣ್ಣ ಒಬ್ಬ ಇಲ್ಲವೆಂದು ತಿಳಿದು ಕಮಲಾಕ್ಷನ ಎದೆ ಹಗುರಾಯಿತು. ಆದರೆ ಬೈಲಾವನ್ನು ಬಾಯಿಪಾಠ ಮಾಡಿದ್ದ ಶ್ಯಾಮಸುಂದರ್ ಎದ್ದು ನಿಂತ.

“ನಿಲ್ಲದವನನ್ನು, ಕೇಳದೆ ಆರಿಸುವುದು ಯಾವ ಕಾನೂನಿನಲ್ಲಿ ಉಂಟು?”

ಅಧಿಕಾರ ಬಿಟ್ಟುಕೊಡಲು ತುದಿಗಾಲಲ್ಲಿದ್ದ ಹಾಲಿ ಅಧ್ಯಕ್ಷ ವಿಲ್ಫ್ರೆಡ್ ತಬ್ಬಿಬ್ಬಾದ. ಒಳಗಿನಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು. ಚರ್ಚೆ ಮುಗಿಯುವ ಲಕ್ಷಣವಿರಲಿಲ್ಲ. ಹಸಿವು ತಡೆಯಲಾರದೆ ಕಮಲಾಕ್ಷ ಎದ್ದ.

“ಅಮೆರಿಕದಲ್ಲೇ ಉಂಟು ಮಾರಾಯ್ರೆ!” ಎಂದವನು ಬೆಳಿಗ್ಗೆ ಓದಿದ್ದನ್ನೆಲ್ಲ ಒಪ್ಪಿಸಿದ. “ಸೌತ್ ಕೆರೊಲಿನಾದಲ್ಲಿ ಜನ ಓಟು ಹಾಕಲೇ ಇಲ್ಲ, ಸಭೆಯವರೇ ಹಾಕಿದ್ದು. ಓಟು ಸಿಕ್ಕಿದ ಫ್ಲಾಯ್ಡ್ ನಿಂತೇ ಇರಲಿಲ್ಲ.”

ಸಭೆ ಬೆರಗಾಯಿತು. ಅಮೆರಿಕದ ಹೆಸರು ಕೇಳಿ ಶ್ಯಾಮಸುಂದರನೂ ಕುಳಿತ. ಇನ್ನು ಮುಂದೆ ಕಾರ್ಯಕಾರಿ ಸಮಿತಿಯ ಹನ್ನೊಂದು ಮಂದಿಯೇ, ಹಾಜರಿಲ್ಲದವರಲ್ಲಿ ಒಬ್ಬರನ್ನು ಆರಿಸುವುದೆಂದು ಠರಾವು ಪಾಸಾಯಿತು. ಕಮಲಾಕ್ಷನೂ ಆ ಹನ್ನೊಂದರಲ್ಲಿ ಒಬ್ಬ.

“ನಮ್ಮ ಫ್ಲಾಯ್ಡ್ ದೇಜಪ್ಪಣ್ಣ!” ಎಂದು ಅವನು ಗಟ್ಟಿಯಾಗಿ ಸೂಚಿಸಿದ್ದೇ ತಡ, ಬಾಗಿಲು ದಡಾರನೆ ತೆರೆಯಿತು. ವಿಮಾನ ನಿಲ್ದಾಣದಿಂದ ನೇರವಾಗಿ ಎರಡು ಸೂಟ್‌ಕೇಸ್ ಎಳೆದುಕೊಂಡು, ಬೆವರು ಸುರಿಸುತ್ತ ದೇಜಪ್ಪ ಒಳಬಂದ.

“ನಾನು ಬಂದೆ! ನಾನು ಹಾಜರ್!”

ಸಭೆ ನಿಟ್ಟುಸಿರಿಟ್ಟಿತು. ವಿಲ್ಫ್ರೆಡ್ ಮಾತ್ರ ಸೋಲಲಿಲ್ಲ. ಸಾಲು ಸಾಲಾಗಿ ಕಣ್ಣಾಡಿಸಿ, ಕಮಲಾಕ್ಷನ ಪಕ್ಕ ಉಳಿದಿದ್ದ ಒಂದೇ ಖಾಲಿ ಕುರ್ಚಿಯ ಮೇಲೆ ದೃಷ್ಟಿ ನಿಲ್ಲಿಸಿದ.

“ನಮ್ಮದು ಕುಟುಂಬ ಸದಸ್ಯತ್ವ ಅಲ್ವಾ? ವಾರಿಜಕ್ಕ ಬರಲಿಲ್ಲವಾ?”

ಸಮಿತಿಯ ಹತ್ತು ಕೈಗಳು ಮೇಲೆದ್ದವು. ಎಲ್ಲರೂ ಕಮಲಾಕ್ಷನನ್ನೇ ನೋಡುತ್ತಿದ್ದರು. ಕೈ ಎತ್ತಿದರೆ ಮನೆಯ ಶುಕ್ರವಾರಗಳು ಹೋಗಿ ಆಣೆ ಮುರಿಯುತ್ತದೆ. ಎತ್ತದಿದ್ದರೆ, ಹೆಂಡತಿ ಯೋಗ್ಯಳಲ್ಲವೆಂದು ಗಂಡನೇ ಹೇಳಿದನೆಂಬ ಸುದ್ದಿ ಅವನಿಗಿಂತ ಮೊದಲು ಮನೆ ಸೇರುತ್ತದೆ. ತಲೆ ತುರಿಸುವವನಂತೆ ಕೈ ಅರ್ಧ ಎತ್ತಿದ.

“ಹನ್ನೊಂದಕ್ಕೆ ಹನ್ನೊಂದು!” ಎಂದ ವಿಲ್ಫ್ರೆಡ್.

ಬಿರಿಯಾನಿ ತಟ್ಟೆಯಲ್ಲೇ ಉಳಿಯಿತು. ಅಹ್ಮದಿಯ ದಾರಿಯುದ್ದಕ್ಕೂ ಕಮಲಾಕ್ಷ ಕ್ಷಮೆ ಕೇಳುವ ಮಾತುಗಳನ್ನು ಅಭ್ಯಾಸ ಮಾಡುತ್ತ ಬಂದ. ಬಾಗಿಲು ತೆರೆದರೆ ವಾರಿಜಾ ರೇಷ್ಮೆ ಸೀರೆಯುಟ್ಟು ಫೋನಿನಲ್ಲಿ ನಗುತ್ತಿದ್ದಳು. “ಆಯ್ತು ವಿಲ್ಫ್ರೆಡಣ್ಣ, ಹಾಗೇ ಮಾಡುವಾ,” ಎಂದು ಫೋನು ಇಟ್ಟಳು.

“ನಿನಗೆ ಸಿಟ್ಟಿಲ್ವಾ? ಅಧ್ಯಕ್ಷತೆ ಬೇಡ ಅಂದಿದ್ದೆಯಲ್ಲ!”

“ನೀವು ಆಗುವುದು ಬೇಡ ಅಂದದ್ದು. ನಾನು ಆಗುವುದು ಬೇಡ ಅಂತ ಯಾವಾಗ ಹೇಳಿದ್ದು?”

ಅಬ್ಬ, ಬದುಕಿದೆ ಎಂದುಕೊಂಡು ಕಮಲಾಕ್ಷ ಸೋಫಾದಲ್ಲಿ ಕುಸಿದ.

“ಕೂರ್ಬೇಡಿ. ಯಲ್ಲಾ, ಹೊರಡಿ, ಕಾರು ತೆಗೀರಿ, ಹಾಲ್ ನೋಡ್ಲಿಕ್ಕೆ ಹೋಗ್ಲಿಕ್ಕುಂಟು. ಮುಂದಿನ ಶುಕ್ರವಾರ ಮೀಟಿಂಗ್, ಅದರ ಮುಂದಿನದ್ದು ಕ್ರೀಡಾಕೂಟ. ಕಾರ್ಯದರ್ಶಿ ಇಲ್ಲದೆ ಆಗ್ತದಾ?”

“ಕಾರ್ಯದರ್ಶಿ ಯಾರು?”

“ನೀವೇ. ಈಗಷ್ಟೇ ಫೋನಲ್ಲಿ ತೀರ್ಮಾನ ಆಯ್ತು. ನೀವು ದಾರಿಯಲ್ಲಿದ್ರಿ.”

“ನನ್ನನ್ನು ಒಂದು ಮಾತು ಕೇಳ್ಬಾರದಿತ್ತಾ?”

ವಾರಿಜಾ ಕಾರಿನ ಕೀಲಿಯನ್ನು ಅವನ ಕೈಗಿಟ್ಟಳು.

“ಫ್ಲಾಯ್ಡನನ್ನು ಕೇಳಿದ್ರಾ?”