ಎಡ ಪಾದರಕ್ಷೆ ಮೂಲಶೋಧನಾ ಸಮಿತಿ

ನಮ್ಮ ಪ್ರಕಾಶನ ಸಂಸ್ಥೆಯ ಒಂಬತ್ತು ಸಂಪುಟಗಳ ಮಾಯಾಲೋಕದ ಕಾದಂಬರಿ ಸರಣಿಯಲ್ಲಿ, ಸೇತುವೆ ದಾಟಿದವರು ಆಗಾಗ ಎಡ ಪಾದರಕ್ಷೆ ಕಳಚಿ ಮೂರು ಬಾರಿ ಕೊಡವುತ್ತಾರೆ. ಈ ಪದ್ಧತಿ ಎಲ್ಲಿಂದ ಬಂತೆಂದು ಓದುಗರೊಬ್ಬರು ಕಾರ್ಡು ಬರೆದು ಕೇಳಿದ್ದರಿಂದ ಸಂಸ್ಥೆಯು ಮೂಲಶೋಧನಾ ಸಮಿತಿಯೊಂದನ್ನು ರಚಿಸಿತು. ಮುಖ್ಯ ಸಂಪಾದಕರು ಅಧ್ಯಕ್ಷರು, ನಡಾವಳಿ ಬರೆಯುವ ಗುಮಾಸ್ತ ನಾನು. ಉತ್ತರ ಒಂದೇ ಸಾಲಿನದಾಗಿರಬಹುದೆಂಬ ಅನುಮಾನ ಯಾರಿಗೂ ಬರಬಾರದೆಂದು ಸಮಿತಿಗೆ ಪ್ರತ್ಯೇಕ ಕೋಣೆ, ಎರಡು ಫ್ಯಾನು ಮತ್ತು ಒಂದು ಮೊಹರನ್ನು ಒದಗಿಸಲಾಯಿತು.

ಮೊದಲು ಲೇಖಕರನ್ನು ಕರೆಸಿದೆವು.

"ಅದನ್ನ ನಾನು ಬರೆದೇ ಇಲ್ಲ. ಅಚ್ಚಾದ ಮೇಲೆ ಓದಿದೆ. ಚೆನ್ನಾಗಿತ್ತು, ಸುಮ್ಮನಾದೆ" ಎಂದರು ಅವರು.

ಇದರಿಂದ ಪದ್ಧತಿಯು ಲೇಖಕರಿಗಿಂತ ಪ್ರಾಚೀನವೆಂದು ಸಾಬೀತಾಯಿತು. ಅವರಿಗೆ ಚಹಾ ಕೊಟ್ಟು ಕಳಿಸಿದೆವು.

ಆರು ತಿಂಗಳು ಸಮಿತಿಯು ಸಂಪುಟಗಳನ್ನು ಜಾಲಾಡಿತು. ಪಾದರಕ್ಷೆ ಕೊಡವುವುದು ಅಧ್ಯಾಯಗಳ ಕೊನೆಯಲ್ಲಿ ಮಾತ್ರ ಎಂದು ತಿಳಿದುಬಂದು, ಕೊನೆಯೆಂದರೆ ಸಾವು, ಆದ್ದರಿಂದ ಇದು ಸತ್ತವರಿಗೆ ಸಲ್ಲಿಸುವ ಗೌರವವೆಂದು ತೀರ್ಮಾನವಾಯಿತು. ನಾಲ್ಕನೇ ಸಂಪುಟದಲ್ಲಿ ಯಾರೊಬ್ಬರೂ ಕೊಡವಿರಲಿಲ್ಲ. ಆ ಕಾಲಕ್ಕೆ 'ಅಧಃಪತನದ ಯುಗ' ಎಂದು ಹೆಸರಿಡಲಾಯಿತು.

ಏಳನೇ ತಿಂಗಳಲ್ಲಿ ಕರಡಕ್ಕ ಬಂದು ಬಾಗಿಲಲ್ಲಿ ನಿಂತರು. ಕರಡು ತಿದ್ದುವುದು ಅವರ ಕೆಲಸ, ಹದಿನೇಳು ವರ್ಷದಿಂದ ಹಂಗಾಮಿ. ಅವರನ್ನು ಕಾಯಂ ಮಾಡುವ ಕಡತ ಅಧ್ಯಕ್ಷರ ಮೇಜಿನ ಮೇಲೇ ಇತ್ತು. ಕಡತದ ಮೇಲೆ ಅಧ್ಯಕ್ಷರ ಊಟದ ಡಬ್ಬಿ ಇತ್ತು.

"ಸರ್, ಅದು ನಾನು ಸೇರಿಸಿದ್ದು. ಅಧ್ಯಾಯದ ಕೊನೇ ಪುಟದಲ್ಲಿ ನಾಲ್ಕು ಸಾಲಿಗಿಂತ ಕಮ್ಮಿ ಇದ್ರೆ ಅಚ್ಚಿನವ್ರು ವಾಪಸ್ ಕಳಿಸ್ತಾರೆ. ಕಮ್ಮಿ ಬಿದ್ದಾಗೆಲ್ಲ ಆ ಮೂರು ಸಾಲು ಹಾಕ್ತಿದ್ದೆ. ಯಾರೋ ಸೇತುವೆ ದಾಟಿ ಚಪ್ಪಲಿ ಕೊಡವಿದ್ರೆ ಕಥೆಗೇನೂ ತೊಂದ್ರೆ ಆಗಲ್ಲ ನೋಡಿ."

"ಮತ್ತೆ ನಾಲ್ಕನೇ ಸಂಪುಟ?" ಎಂದರು ಅಧ್ಯಕ್ಷರು.

"ಅದ್ರಲ್ಲಿ ಪುಟ ಸರಿಯಾಗಿ ತುಂಬಿತ್ತು ಸರ್."

ಅಧ್ಯಕ್ಷರು ನಿಯಮಾವಳಿ ತೆರೆದರು. "ನೋಡಮ್ಮ, ಪದ್ಧತಿ ಹುಟ್ಟುಹಾಕೋ ಅಧಿಕಾರ ಹಂಗಾಮಿ ನೌಕರರಿಗಿಲ್ಲ. ನೀವೇ ಹಾಕಿದ್ದು ನಿಜವಾದ್ರೆ ಅದು ಅಧಿಕಾರದ ದುರುಪಯೋಗ, ನಾಳೆಯಿಂದ ಬರೋದು ಬೇಡ. ನೀವು ಹಾಕಿಲ್ಲ ಅನ್ನೋದಾದ್ರೆ, ಇಷ್ಟು ಹಳೇ ಪದ್ಧತಿಗೆ ಚ್ಯುತಿ ಬರದ ಹಾಗೆ ಕರಡು ನೋಡಿದ್ದೀರಿ ಅಂತ ಕಾಯಂ ಮಾಡಬಹುದು. ಯೋಚನೆ ಮಾಡಿ."

ಕರಡಕ್ಕ ಡಬ್ಬಿಯ ಕೆಳಗಿನ ಕಡತವನ್ನು ನೋಡಿದರು. ಬೇರೆಯವರ ಸಾವಿರಾರು ಪುಟ ತಿದ್ದಿದ ಆ ಹೆಂಗಸು ತಾನಾಗಿ ಬರೆದದ್ದು ಆ ಮೂರೇ ಸಾಲು. ನಡಾವಳಿಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಬರೆದುಕೊಳ್ಳಲಿಲ್ಲ.

'ಸದರಿ ಸಾಲುಗಳ ಮೂಲವು ನನಗೆ ತಿಳಿದಿರುವುದಿಲ್ಲ' ಎಂಬ ಹೇಳಿಕೆಯನ್ನು ಅವರ ಮುಂದಿಟ್ಟೆವು. ಕರಡಕ್ಕ ಅದರಲ್ಲಿದ್ದ ಎರಡು ಅಕ್ಷರದೋಷ ತಿದ್ದಿ ಸಹಿ ಹಾಕಿದರು. ಡಬ್ಬಿ ಪಕ್ಕಕ್ಕೆ ಸರಿಯಿತು, ಕಡತಕ್ಕೆ ಮೊಹರು ಬಿತ್ತು.

ಪದ್ಧತಿಯ ಮೂಲವು ನಿರೀಕ್ಷೆಗಿಂತ ಆಳದಲ್ಲಿದೆ ಎಂದು ಆರುನೂರು ಪುಟಗಳ ವರದಿ ತಿಳಿಸಿತು. ಸಮಿತಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ನಾಲ್ಕನೇ ಸಂಪುಟದ ಹೊಸ ಮುದ್ರಣದಲ್ಲಿ ಎಲ್ಲರೂ ಪಾದರಕ್ಷೆ ಕೊಡವತಕ್ಕದ್ದೆಂದು ಆದೇಶವಾಯಿತು. ಜಾಗ ಸಾಲದೆ ಒಂದು ಯುದ್ಧವನ್ನು ಕೈಬಿಡಲಾಯಿತು. ಕಾರ್ಡು ಬರೆದಿದ್ದ ಓದುಗರು ಸಮಾಧಾನವಾಯಿತೆಂದು ಇನ್ನೊಂದು ಕಾರ್ಡು ಬರೆದರು. ಲೇಖಕರು ಆ ಪದ್ಧತಿಯ ಕುರಿತು ಅಲ್ಲಲ್ಲಿ ಉಪನ್ಯಾಸ ನೀಡುತ್ತಿದ್ದಾರೆ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕರಡಕ್ಕ ಸಿಕ್ಕಾಗ ತಡೆಯಲಾರದೆ ಕೇಳಿಬಿಟ್ಟೆ: "ಬೇಜಾರಾಗಲ್ವಾ ಅಕ್ಕ?"

"ಮೊದಲು ಆಯ್ತಪ್ಪ. ಆಮೇಲೆ ವರದಿಯ ಕರಡು ನೋಡೋಕೆ ನಂಗೇ ಕೊಟ್ರಲ್ಲ, ಪೂರ್ತಿ ಓದಿದೆ. ಅವ್ರು ಹೇಳಿರೋದೇ ಸರಿ ಇರಬೇಕು" ಎಂದರು ಕರಡಕ್ಕ. "ಅವ್ರು ಏಳು ತಿಂಗಳು ಕೂತು ಸಂಶೋಧನೆ ಮಾಡಿದ್ದಾರೆ. ನಾನೇನು, ಬರೀ ಬರೆದೋಳು."