ಇಪ್ಪತ್ತೆಂಟೂವರೆ ತೊಲೆಯ ಬಿಲ್ಲೆ

“ನಿಮ್ಮವ್ವನ ನೀರಿನ ಹರವಿ ಬಾಯಿ ತಕ್ಕೊಂಡು ಕೂತಿರಬೇಕಲೇ ಅಲ್ಲಿ. ಅದರ ಮುಚ್ಚಳಾ ತಂದು ಸರ್ಕಾರಕ್ಕ ತೋರಸ್ಲಿಕ್ಕೆ ಬಂದೀದಿ,” ಎಂದ ಕಾರಕೂನ ಸ್ವಾಮಿರಾವ.

ಮೂಡಲಗಿಯ ಚಾವಡಿಯ ಮುಂದೆ ನಲವತ್ತು ಮಂದಿ ಕುಳಿತಿದ್ದರು. ನಲವತ್ತೂ ಮಂದಿ ನಕ್ಕರು. ಕಾರಕೂನನ ಮಾತಿಗೆ ನಗದವನ ಅರ್ಜಿ ಕಟ್ಟಿನ ಅಡಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಗದೆ ಇದ್ದವನು ಮಾಲಿಂಗಪ್ಪನೊಬ್ಬನೇ. ಅವನ ಕೈಯಲ್ಲಿ, ಹಳದಿ ಅರಿವೆಯ ಮೇಲೆ, ಅಂಗೈಗಿಂತ ಅಗಲವಾದ ಕಂಚಿನ ಬಿಲ್ಲೆಯಿತ್ತು.

ಜರ್ಮನಿಯ ಮೇಲಿನ ದೊಡ್ಡ ಯುದ್ಧ, ಊರವರ ಬಾಯಲ್ಲಿ ಜಂಗು, ಮುಗಿದು ಮೂರು ವರ್ಷವಾಗಿತ್ತು. ಸಮುದ್ರದಾಚೆಯ ಬಸ್ರಾದಲ್ಲಿ ಸರ್ಕಾರದ ಹೇಸರಗತ್ತೆ ಕಾಯ್ದು, ಜ್ವರ ಹತ್ತಿ, ಏಳು ತಿಂಗಳು ದವಾಖಾನೆಯಲ್ಲಿ ಬಿದ್ದು, ಹಡಗು ಸಿಗದೆ ಇನ್ನೂ ಒಂದು ವರ್ಷ ಕಾಯ್ದು ಮಾಲಿಂಗಪ್ಪ ಊರಿಗೆ ಬಂದಾಗ ಬಿಲ್ಲೆ ಅವನಿಗಿಂತ ಮೊದಲೇ ಟಪಾಲಿನಲ್ಲಿ ಮನೆ ಮುಟ್ಟಿತ್ತು. ಅವನ ಪಾಲಿನ ಕುರಿಗಳು ಇಬ್ಬರು ಅಣ್ಣಂದಿರ ಹಟ್ಟಿ ಮುಟ್ಟಿದ್ದವು. ಎರಡು ವರ್ಷದಿಂದ ಕಂಡವರ ಎಮ್ಮೆ ಕಾಯ್ದುಕೊಂಡಿದ್ದ. ಈಗ, ಜಂಗಿನಲ್ಲಿ ಬಿಲ್ಲೆ ಪಡೆದವರಿಗೆ ಕೌಜಲಗಿಯ ಬಾಜೂ ನಾಲ್ಕೆಕರೆ ಹೊಲ ಕೊಡುತ್ತಾರೆಂದು ಡಂಗುರ ಸಾರಿದ್ದರು. ಹೊಲ ಹಂಚುವ ಇಂಗ್ರೇಜಿ ಸಾಹೇಬ ಬಂದು ಚಾವಡಿಯ ಬದಿಯ ಹುಣಸೆಮರದ ಕೆಳಗೆ ಡೇರೆ ಹಾಕಿದ್ದ. ನಾಳೆ ಬೆಳಗಾದರೆ ಹುಕ್ಕೇರಿಗೆ ಹೊರಟುಬಿಡುತ್ತಾನೆ.

“ಹೆಸರೇನಿದರದು?” ಎಂದ ಸ್ವಾಮಿರಾವ.

“ಬಿಲ್ಲಿ ಅಂತಾರ್ರಿ.”

“ನನ್ನ ಪಟ್ಟೇವಾಲಾನ ಸೊಂಟದಾಗೂ ಒಂದು ಬಿಲ್ಲಿ ಅದ. ಅವಗೂ ನಾಲ್ಕೆಕರೆ ಕೊಡ್ಲೇನು? ಇಲ್ಲೊಂದು ಖಾನೆ ಅದ ನೋಡು, ‘ಪದಕದ ಹೆಸರು’ ಅಂತ. ಹೊತ್ತು ಮುಣಗೂದರಾಗ ತಿಳದವರನ್ನ ಕೇಳ್ಕೊಂಡು ಬಾ. ಹೆಸರಿಲ್ಲದ ಬಿಲ್ಲಿಗೆ ಹೊಲ ಇಲ್ಲ.”

ಬಿಲ್ಲೆಯ ಸುತ್ತ ಒಂದು ಕಾಲಕ್ಕೆ ಇಂಗ್ರೇಜಿ ಅಕ್ಷರಗಳಿದ್ದವು. ಆದರೆ ನಡುವೆ ಇದ್ದ ಚಿತ್ರದಲ್ಲಿ ಒಬ್ಬ ಹೆಂಗಸು ತ್ರಿಶೂಲ ಹಿಡಿದು ನಿಂತಿದ್ದಳು, ಅವಳ ಕಾಲ ಹತ್ತಿರ ಸಿಂಹವಿತ್ತು. ಇಷ್ಟು ಕಂಡ ಮೇಲೆ ಮಾಲಿಂಗಪ್ಪನ ತಾಯಿ ಉದ್ದವ್ವನಿಗೆ ಯಾರೂ ಏನನ್ನೂ ಓದಿ ಹೇಳಬೇಕಾಗಿರಲಿಲ್ಲ. ದೇವಿ ತಾನಾಗಿ ಮನೆ ಹುಡುಕಿಕೊಂಡು ಬಂದಿದ್ದಳು. ಜಗಲಿಯ ಮೇಲಿಟ್ಟು ಅರಿಶಿನದ ಭಂಡಾರ ಹಚ್ಚಿದಳು. ಜೊತೆಗೆ ಬಂದ ಕಾಗದವನ್ನು ದೀಪ ಹೊತ್ತಿಸಲು ಬಳಸಿದಳು. ದಿನಾ ಒರೆಸುವಾಗ ಅಕ್ಷರಗಳು ಬೆರಳಿಗೆ ಚುಚ್ಚುತ್ತವೆಂದು ಗೋಕಾಕದ ಕಂಚಗಾರನಿಂದ ಅವನ್ನೆಲ್ಲ ಅರದಿಂದ ತಿಕ್ಕಿಸಿ, ಹೂರಣದ ಹೋಳಿಗೆಯ ಅಂಚಿನ ಹಾಗೆ ನುಣ್ಣಗೆ ಮಾಡಿಸಿದ್ದಳು. ಇವತ್ತೂ ದೇವಿಯನ್ನು ಒಬ್ಬಳನ್ನೇ ಕಳಿಸಲಾರೆನೆಂದು ಮಗನ ಬೆನ್ನಿಗೆ ಬಂದಿದ್ದಳು.

ಮೊದಲು ಸಾಲಿಗೆ ಹೋದರು. ಗುರುಲಿಂಗಪ್ಪ ಮಾಸ್ತರ ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಂಡು ಹೇಳಿದ: “ಇದರಾಗ ಕೇಳೂದೇನೈತಿ? ತ್ರಿಶೂಲ ಐತಿ, ಸಿಂಹ ಐತಿ. ಸಿಂಹವಾಹಿನಿ ಪದಕ.”

“ದೇವಿ ಸಿಂಹದ ಮ್ಯಾಲ ಕುಂತಿಲ್ಲಲ್ರಿ ಮಾಸ್ತರ. ಬಾಜೂಕ ನಿಂತಾಳ,” ಎಂದ ಮಾಲಿಂಗಪ್ಪ.

“ಇಳದಿರಬೇಕು. ವಿಲಾಯತಿಂದ ಬಂದಾಳ, ದೂರದ ಹಾದಿ. ಕುಂತ ಕುಂತ ಸ್ವಂಟ ಹಿಡದಿರತೈತಿ.”

ಮಾಲಿಂಗಪ್ಪ ಅಷ್ಟಕ್ಕೇ ತಿರುಗಿ ಚಾವಡಿಗೆ ಹೋಗುತ್ತಿದ್ದ. ಆದರೆ ಮಾಸ್ತರ ಹೆಸರಿಟ್ಟವನು. ಅದು ಖಾನೆಯಲ್ಲಿ ಕೂಡುವವರೆಗೆ ಅವನಿಗೆ ಸಮಾಧಾನವಿರಲಿಲ್ಲ. ಸಾಲಿ ಬಿಟ್ಟು ತಾನೂ ಹೊರಟ. ಪೇಟೆಯಲ್ಲಿ ಅರಿವೆ, ಬೆಳ್ಳಿ ಎರಡನ್ನೂ ಮಾರುವ ಧನಪಾಲ ಶೇಠ ಕೂಗಿ ಕರೆದ. ವಿಷಯ ಕೇಳಿ ಬಿಲ್ಲೆಯನ್ನು ಇಸಿದುಕೊಂಡು ನೆಟ್ಟಗೆ ತಕ್ಕಡಿಗೆ ಹಾಕಿದ.

“ಏ ಯಪ್ಪಾ, ದೇವೀನ ತೂಗಬ್ಯಾಡ್ರಿ,” ಎಂದಳು ಉದ್ದವ್ವ.

“ದೇವಿ ಅಲ್ಲಬೇ, ನಿನ್ನ ಮಗನ ನಸೀಬ ತೂಗಾಕತ್ತೇನಿ. ಇಪ್ಪತ್ತೆಂಟೂವರಿ ತೊಲಿ. ಹವಾಲ್ದಾರ ಅಪ್ಪಣ್ಣನ ಪದಕ ನಾನ ತೂಗೇನಿ, ಮೂರ ತೊಲಿ ಸೈತ ಇಲ್ಲ. ಅಂವ ಗುಂಡ ಹಾರಿಸಿ ಬಂದಾಂವ. ಹಂಗಾದ್ರ ನೀ ಅಂವಗಿಂತ ಹತ್ತಪಟ್ಟ ದೊಡ್ಡ ಕೆಲಸ ಮಾಡಿರಬೇಕು. ಏನ ಮಾಡಿದ್ದಿ?”

“ಹೇಸರಗತ್ತಿಗೆ ನೀರ ಕುಡಸತಿದ್ನಿರಿ.”

“ಎಷ್ಟಕ್ಕ?”

“ನಲವತ್ತಕ್ಕ.”

ಧನಪಾಲ ಅತ್ತಿತ್ತ ನೋಡಿದ. “ಇದನ್ನ ಮತ್ಯಾರ ಮುಂದೂ ಹೇಳಬ್ಯಾಡ. ಮಹಾಶೂರ ಪದಕ ಅಂತ ಬರಸು. ತೂಕ ಸುಳ್ಳ ಹೇಳೂದಿಲ್ಲ.”

“ಸಿಂಹವಾಹಿನಿ ಅಂತ ಆಗೇತಿ ಶೇಠರ,” ಎಂದ ಮಾಸ್ತರ.

“ಆಗೇತಿ ಅಂದ್ರ? ಚಿತ್ರ ನೋಡಿ ಮಾಲಿಗೆ ಹೆಸರ ಇಡತಾರೇನ್ರಿ? ನನ್ನ ಅಂಗಡ್ಯಾಗ ನವಿಲಿನ ಛಾಪಾದ ಧೋತರ ಅದಾವು. ಅವು ಹಾರತಾವೇನು?”

ಜಗಳ ಹವಾಲ್ದಾರನ ಹತ್ತಿರ ಹೋಗುವುದೆಂದಾಯಿತು. ಹುಕ್ಕೇರಿಯ ಅಪ್ಪಣ್ಣ ಹವಾಲ್ದಾರ ಮೂಡಲಗಿಯಲ್ಲೇ ಮಗಳ ಮನೆಯಲ್ಲಿದ್ದ. ಮಲಗಿದಾಗಲೂ ಅಂಗಿಗೆ ತನ್ನ ಪದಕ ಚುಚ್ಚಿಕೊಂಡೇ ಮಲಗುತ್ತಿದ್ದ. ಮಗ್ಗಲು ಬದಲಿಸಿದರೆ ಮನೆಯವರಿಗೆ ಎಚ್ಚರವಾಗುತ್ತಿತ್ತು. ಮಾಲಿಂಗಪ್ಪನ ಬಿಲ್ಲೆಯನ್ನು ಕಂಡೊಡನೆ ಅವನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು.

“ಕೊಂಡಿ ಎಲ್ಲಿ?”

“ಇಲ್ರಿ.”

“ಫೀತಿ?”

“ಇಲ್ರಿ.”

“ಎದಿಗೆ ಹೆಂಗ ಹಾಕ್ಕೊಳ್ಳೂದು? ಇಷ್ಟ ವಜನ ಕಟ್ಟಿದ್ರ ಶಿಪಾಯಿ ಮುಂದಕ್ಕ ಬಗ್ಗಿ ಬಿಡತಾನ, ವೈರಿಗೆ ಸಲಾಮ ಹೊಡದಂಗ ಆಗತೈತಿ.” ಗೊತ್ತಿಲ್ಲವೆಂದು ಹೇಳಲು ಹವಾಲ್ದಾರನನ್ನು ಇಪ್ಪತ್ತು ವರ್ಷದ ನೌಕರಿ ಬಿಡಲಿಲ್ಲ. ಬಹಳ ಹೊತ್ತು ಮೀಸೆ ತಿರುವಿದ. “ಇದು ಫತೇ ಬಿಲ್ಲಿ. ಜಂಗ ಗೆದ್ದಿದ್ದಕ್ಕ ಕೊಟ್ಟದ್ದು. ಗೆದ್ದಾವರು ನಾವು, ಇಂವಗ ಹಂಚಾಕ ಕೊಟ್ಟಿರಬೇಕು.”

ಮೂವರ ಹೆಸರೂ ಮೂರು ಎತ್ತುಗಳಂತೆ ಮೂರು ದಿಕ್ಕಿಗೆ ಎಳೆದವು. ಮಧ್ಯಾಹ್ನ ಕಳೆಯಿತು. ಮಾಲಿಂಗಪ್ಪ ಬೆಳಗಿನಿಂದ ನೀರು ಕುಡಿದಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಸ್ರಾದ ಹೇಸರಗತ್ತೆಗಳನ್ನು ನೆನೆದ. ಅವಕ್ಕೆ ಹೆಸರಿರಲಿಲ್ಲ, ನಂಬರಿದ್ದವು. ಎಷ್ಟು ಸುಖವಾಗಿದ್ದವು.

“ಮೂರೂ ಬರೀರಿ,” ಎಂದ ಕೊನೆಗೆ. “ನಿಮ್ಮ ಕಾಲಿಗೆ ಬೀಳತೇನಿ, ಮೂರೂ ಬರೀರಿ.”

ಹಾಗೇ ಆಯಿತು. ಹೊತ್ತು ಇಳಿಯುವಾಗ ಅರ್ಧ ಪೇಟೆಯೊಂದಿಗೆ ಡೇರೆಯ ಮುಂದೆ ಹೋಗಿ ಮಾಸ್ತರ ಓದಿದ: “ಶ್ರೀ ಸಿಂಹವಾಹಿನಿ ಫತೇ ಮಹಾಶೂರ ಪದಕ.”

ಸ್ವಾಮಿರಾವ ಲೇಖಣಿ ಕೆಳಗಿಟ್ಟ. “ಖಾನೆ ನಾಲ್ಕು ಬೆರಳದ. ನೀವು ಮೂರು ಮೊಳ ತಂದೀರಿ.”

ಗದ್ದಲ ಕೇಳಿ ಸಾಹೇಬ ಹೊರಗೆ ಬಂದ. ಬಿಸಿಲಿಗೆ ಸುಟ್ಟ ಕೆಂಪು ಮುಖ, ಕೈಯಲ್ಲಿ ಅರ್ಧ ಕುಡಿದ ಚಹಾ. ಬಿಲ್ಲೆಯ ಮೇಲೆ ಕಣ್ಣು ಬಿದ್ದದ್ದೇ ತಡ, ಚಹಾದ ಕಪ್ಪನ್ನು ಪಟ್ಟೇವಾಲಾನ ಕೈಗೆ ಕೊಟ್ಟ. ಟೋಪಿ ತೆಗೆದ. ಭಂಡಾರ ಮೆತ್ತಿದ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನೋಡಿದ್ರ್ಯಾ?” ಧನಪಾಲ ಪಿಸುಗುಟ್ಟಿದ. “ತೂಕ.”

ಸಾಹೇಬ ಕಾರಕೂನನಿಗೆ ಮೆಲ್ಲಗೆ ಏನೋ ಹೇಳಿದ. ಸ್ವಾಮಿರಾವ ಉದ್ದವ್ವನ ಕಡೆ ಕೈ ತೋರಿದ. ಮಾಲಿಂಗಪ್ಪನನ್ನೂ ಒಮ್ಮೆ ನೋಡಿ ಏನೋ ಹೇಳಿದ. ಸಾಹೇಬ ಮುದುಕಿಯ ಮುಂದೆ ತಲೆ ಬಾಗಿಸಿ, ಬಿಲ್ಲೆಯನ್ನು ಅವಳ ಕೈಯಲ್ಲಿಟ್ಟು, ಡೇರೆಯ ಒಳಗೆ ಹೋದ. ಚಹಾ ಕೇಳಲಿಲ್ಲ.

“ಏನಂದ್ರು?” ಎಂದರು ಎಲ್ಲರೂ.

“ಸಾಹೇಬರ ತಮ್ಮನದೂ ಹಿಂಥಾದ್ದೊಂದು ಅವರ ತಾಯಿ ಹತ್ತರ ಅದಂತ.”

“ಅವರೂ ಮಹಾಶೂರರೇನ್ರಿ?”

“ಸತ್ತಾರ. ಇದು ಜಂಗಿನೊಳಗ ಸತ್ತವರ ಮನಿಗೆ ಸರ್ಕಾರ ಕಳಸೂದು. ಬದುಕಿ ಬಂದವರಿಗೆ ಕೊಡೂದಿಲ್ಲ.”

ಎಲ್ಲರೂ ಮಾಲಿಂಗಪ್ಪನ ಕಡೆ ತಿರುಗಿದರು. ಸ್ವಾಮಿರಾವ ಕೆಂಪು ರಟ್ಟಿನ ಇನ್ನೊಂದು ರಜಿಸ್ಟರ ತೆಗೆದು ಬೆರಳು ಓಡಿಸಿದ. “ಇಲ್ಲೇ ಇದ್ದೀಯಲ್ಲೋ. ಮಾಲಿಂಗಪ್ಪ, ಮೂಡಲಗಿ. ಬಸ್ರಾದ ದವಾಖಾನ್ಯಾಗ ತೀರಿಕೊಂಡಾನ.”

“ಸತ್ತಾಂವ ನನ್ನ ಬಾಜೂ ಮಂಚದಾಂವ್ರಿ. ನಾ ಇಲ್ಲೇ ನಿಂತೇನಲ್ರಿ.”

“ನನಗೆ ಕಾಣಸ್ತದಪಾ. ಸಾಹೇಬರಿಗೆ ಏನು ಹೇಳ್ಲಿ? ನೀ ಸತ್ತವನ ತಮ್ಮ ಅಂತ ಹೇಳೀನಿ. ಇದನ್ನ ತಿದ್ದಬೇಕಂದ್ರ ಕಾಗದ ಪುಣೇಕ್ಕ ಹೋಗಬೇಕು, ಅಲ್ಲಿಂದ ಬಸ್ರಾಕ್ಕ ಹೋಗಬೇಕು. ಅದು ತಿರಿಗಿ ಬರೂದರಾಗ ನೀ ಖರೇನ ಸತ್ತಿರ್ತೀದಿ.” ಮುಂದಿನ ಖಾನೆ ಓದಿ ಹುಬ್ಬೇರಿಸಿದ. “ಸತ್ತವರ ತಾಯಿಗೆ ಎಂಟೆಕರೆ ಅದ.”

“ಬದುಕಿದಾವರಿಗೆ ನಾಲ್ಕರಿ?”

“ಅವರದು ಬ್ಯಾರೆ ಬಿಲ್ಲಿ. ಅದು ನಿನಗ ಬಂದಿಲ್ಲ.”

ಎಂಟೆಕರೆ ಎಂಬ ಮಾತು ಜನದ ನಡುವೆ ಬೆಲ್ಲದ ಹೆಂಟೆಯಂತೆ ಬಿತ್ತು. ಮೊದಲು ಮುತ್ತಿದವನು ಧನಪಾಲ.

“ವಿಚಾರ ಮಾಡೋ ಮಾಲಿಂಗ. ನಾಲ್ಕಕ್ಕ ಬದಕೂದಕ್ಕಿಂತ ಎಂಟಕ್ಕ ಸಾಯೂದು ಫಾಯದೆದ್ದು.”

“ಕೊಂಡಿ ಇಲ್ಲ ಅಂತ ನಾ ಮೊದಲ ಅಂದಿದ್ನಿ,” ಎಂದ ಹವಾಲ್ದಾರ. ಬೆಳಗಿನಿಂದ ಇದೇ ಮೊದಲ ಸಲ ಅವನ ಮುಖ ಅರಳಿತ್ತು.

“ಹೊಲಾ ನೀನ ಮಾಡ್ತಿ, ಏನ ಹೋತು?” ಎಂದ ಮಾಸ್ತರ. “ನಿಮ್ಮವ್ವನ ಹೊಲದಾಗ ಆಳ ಇದ್ದಿ ಅಂತ ಬರಸೂನು.”

“ಅವ್ವ ಹೋದ ಮ್ಯಾಲ?” ಎಂದ ಮಾಲಿಂಗಪ್ಪ.

“ಮುಂದ ವಾರಸಾ ನಿಮ್ಮ ಅಣ್ಣಂದಿರು,” ಎಂದ ಸ್ವಾಮಿರಾವ. “ಅವರು ಬದುಕ್ಯಾರಲ್ಲ.”

ಮಾಲಿಂಗಪ್ಪ ತಾಯಿಯ ಕಡೆ ನೋಡಿದ. ಉದ್ದವ್ವ ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಮಗನ ಹತ್ತಿರ ಬಂದಳು. ಅವನ ಗಲ್ಲ ಸವರಿ ಹತ್ತೂ ಬೆರಳಿನ ನೆಟಿಗೆ ಮುರಿದಳು. “ಯಾರ ಕಣ್ಣೂ ತಾಗದಿರಲಿ ನನ್ನ ಮಗಗ. ನೂರ ವರ್ಷ ಬಾಳಲಿ,” ಎಂದಳು. ಕಣ್ಣೊರೆಸಿಕೊಂಡು ಕಾರಕೂನನ ಕಡೆ ತಿರುಗಿದಳು.

“ಎಂಟೆಕರೆಕ್ಕ ನೀರ ಐತೇನ್ರಿ?”

“ಹಳ್ಳದ ದಂಡಿ.”

ಉದ್ದವ್ವ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು. ಸ್ವಾಮಿರಾವ ಪದಕದ ಹೆಸರಿನ ಖಾನೆಯಲ್ಲಿ ‘ಸತ್ತವರ ಬಿಲ್ಲೆ’ ಎಂದು ಬರೆದ. ಖಾನೆಯಲ್ಲಿ ಸರಿಯಾಗಿ ಕೂಡಿತು. ಈ ಹೆಸರಿಗೆ ಮಾಸ್ತರನೂ ತಕರಾರು ಮಾಡಲಿಲ್ಲ.

“ಇನ್ನೊಂದದ,” ಎಂದ ಕಾರಕೂನ, ಮಸಿಯ ಬಟ್ಟಲನ್ನು ಮುಂದಕ್ಕೆ ಸರಿಸುತ್ತ. “ಸತ್ತವನ್ನ ಸಣ್ಣಂದಿನಿಂದ ಬಲ್ಲವರೊಬ್ಬರು ಸಾಕ್ಷಿ ಹಾಕಬೇಕು, ಇಂವ ಸತ್ತದ್ದು ಖರೇ ಅಂತ.” ಸುತ್ತ ನೋಡಿದ. ಪೇಟೆಯವರೆಲ್ಲ ಮೆಲ್ಲಗೆ ಹಿಂದೆ ಸರಿದರು. ಸರ್ಕಾರಿ ಕಾಗದದ ಮೇಲೆ ಸುಳ್ಳು ಸಾಕ್ಷಿ ಹಾಕುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ. ಸ್ವಾಮಿರಾವನ ಕಣ್ಣು ಮಾಲಿಂಗಪ್ಪನ ಮೇಲೆ ನಿಂತಿತು.

“ನೀನ ಹಾಕು. ನಿನ್ನಷ್ಟು ಅವನ್ನ ಬಲ್ಲವರು ಯಾರಿದ್ದಾರ?”

ಮಾಲಿಂಗಪ್ಪ ಮಸಿಯ ಬಟ್ಟಲನ್ನು ನೋಡಿದ. ಕಾಗದವನ್ನು ನೋಡಿದ. ಹೆಬ್ಬೆರಳು ಒತ್ತದೆ, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಊರ ಹೊರಗಿನ ಕಾಲ್ದಾರಿ ಹಿಡಿದ.

“ಏ ಮಾಲಿಂಗಪ್ಪಾ,” ಎಂದು ಹಿಂದಿನಿಂದ ನಾಲ್ಕೈದು ದನಿಗಳು ಒಟ್ಟಿಗೆ ಕೂಗಿದವು, “ಹೊತ್ತ ಮುಣಗಾಕತ್ತೇತಿ, ಎಲ್ಲಿ ಹೊಂಟಿ?”

ಅವನು ನಡೆಯುತ್ತ ಹೋದ.