ಬಿಡಿ ಎಂದರೆ ಬಿಡುವ ವಂಶವಲ್ಲ

ನಮ್ಮ ವಂಶಕ್ಕೊಂದು ಕಾಯಿಲೆಯಿದೆ. ಮೈಸೂರಿನಲ್ಲಿ ಅದನ್ನು ಮರ್ಯಾದೆ ಎನ್ನುತ್ತಿದ್ದರು. ಯಾರಾದರೂ ಭಾರದ ಚೀಲ ಹೊತ್ತು ಬಂದರೆ ಓಡಿಹೋಗಿ ಅದಕ್ಕೆ ಕೈಹಾಕಬೇಕು. ಅವರು ‘ಬಿಡಿ, ಬಿಡಿ’ ಎನ್ನುತ್ತಾರೆ. ಆಗ ನಾವು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಾನು ಏಳೆಂಟು ವರ್ಷದವನಿದ್ದಾಗ, ಮನೆಗೆ ಬಂದ ನೆಂಟರೊಬ್ಬರು ‘ಬಿಡು ಮಗು’ ಎಂದ ಕೂಡಲೇ ಬಿಟ್ಟುಬಿಟ್ಟೆ. ಅಜ್ಜಿ ಒಳಗೆ ಕರೆದು, “ಅವರು ಬಾಯಿಮಾತಿಗೆ ಅಂದ್ರೆ ನೀನು ನಿಜವಾಗ್ಲೂ ಬಿಟ್ಟುಬಿಡೋದೇನೋ, ಮಂಕೆ?” ಎಂದರು. ಅಲ್ಲಿಂದಾಚೆ ನಾನು ಯಾರದನ್ನೂ ಬಿಟ್ಟವನಲ್ಲ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಫ್ರೀಮಾಂಟಿನ ಅಂಗಡಿಯೊಂದರ ಮುಂದೆ ಮುದುಕಿಯೊಬ್ಬರ ಗ್ರೋಸರಿ ಚೀಲವನ್ನು ಇದೇ ಶ್ರದ್ಧೆಯಿಂದ ಹಿಡಿದಿದ್ದೆ. ಪೊಲೀಸರನ್ನು ಕರೆಯುತ್ತೇನೆ ಎಂದ ಮೇಲಷ್ಟೇ ಅವರು ಬಾಯಿಮಾತಿಗೆ ಹೇಳುತ್ತಿಲ್ಲವೆಂದು ಹೊಳೆದದ್ದು.

ಎಂಬತ್ತರ ದಶಕದ ಒಂದು ಬೇಸಿಗೆ. ಗೆಳೆಯ ನಂಜೇಗೌಡರು ಮಂಡ್ಯದ ಕಡೆಯವರು, ಇಲ್ಲಿ ಎಂಜಿನಿಯರು. ಊರು ಬಿಟ್ಟುಹೋಗುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಬರ್ಕ್ಲಿಯಲ್ಲಿ ಕೊಲ್ಲಿಯ ದಕ್ಕೆಗೆ ಕಟ್ಟಿಕೊಂಡಿದ್ದರು. ಅವರ ಹೆಂಡತಿ ಜಯಮ್ಮನಿಗೆ ಅದು ಸವತಿ. “ಶನಿವಾರ ಬಂದ್ರೆ ಅದನ್ನೇ ತಿಕ್ತಾ ಕೂತಿರ್ತೀರಾ. ಒಂದ್ಸಲ ನಾನೂ ಬತ್ತೀನಿ. ನಂಗೆ ಸರಿಹೋಗ್ನಿಲ್ಲ ಅಂದ್ರೆ ಸೋಮವಾರವೇ ಮಾರ್ಬುಡಬೇಕು” ಎಂದು ಕರಾರು ಹಾಕಿದರು. ಗೌಡರು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರು. ಪರೀಕ್ಷೆಯ ದಿನ ಜೊತೆಗಿರಲೆಂದು ನನ್ನನ್ನೂ ಕರೆದರು. ಯಾಕಾದರೂ ಕರೆದೆನೋ ಎಂದು ಅವರು ಆಮೇಲೆ ಬಹಳ ಸಲ ಯೋಚಿಸಿರಬೇಕು.

ಬೆಳಿಗ್ಗೆ ಎಲ್ಲವೂ ಗೌಡರ ಪರವಾಗಿತ್ತು. ತಂಗಾಳಿ, ಎಳೆಬಿಸಿಲು, ಡಬ್ಬಿಯಲ್ಲಿ ಬಿಸಿ ಉಪ್ಪಿಟ್ಟು. ನೀರಿನಲ್ಲಿ ತೇಲುತ್ತಿದ್ದ ಗುರುತಿನ ಪೀಪಾಯಿಯ ಮೇಲೆ ಸೀಲ್ ಪ್ರಾಣಿಯೊಂದು ಹೊಟ್ಟೆ ಬಿಟ್ಟುಕೊಂಡು ಮಲಗಿತ್ತು. “ನೋಡ್ರೀ, ನಿಮ್ ದೊಡ್ಡಪ್ಪ ಇಲ್ಲೂ ಬಂದವ್ರೆ” ಎಂದು ಜಯಮ್ಮ ನಕ್ಕರು. ಹೆಂಡತಿ ತಮ್ಮ ದೊಡ್ಡಪ್ಪನನ್ನು ಹಂಗಿಸಿದ್ದಕ್ಕೆ ಗೌಡರು ಅಷ್ಟು ಸಂತೋಷಪಟ್ಟದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಹಾಯಿಯ ಹಗ್ಗವನ್ನು ನನ್ನ ಕೈಗಿತ್ತು, “ಸ್ವಾಮಿ, ಸುಮ್ನೆ ಹಿಡ್ಕೊಂಡಿರಿ. ನಾನು ಹೇಳ್ದಾಗ ಬುಟ್ರಾಯ್ತು” ಎಂದರು.

ಮಧ್ಯಾಹ್ನ ಗೋಲ್ಡನ್ ಗೇಟ್ ಸೇತುವೆಯ ಕಡೆಯಿಂದ ಗಾಳಿ ನುಗ್ಗಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಚುಕ್ಕಾಣಿ ಹಿಡಿದಿದ್ದ ಗೌಡರು, “ಸ್ವಾಮಿ, ಬುಡಿ” ಎಂದರು.

“ಪರವಾಗಿಲ್ಲ, ಹಿಡ್ಕೊಂಡಿರ್ತೀನಿ” ಎಂದೆ.

“ಅಯ್ಯೋ, ಬುಡಿ ಅಂದ್ರೆ.”

“ನನಗೇನೂ ತೊಂದರೆ ಇಲ್ಲ ಗೌಡರೇ. ನೀವು ಚುಕ್ಕಾಣಿ ನೋಡ್ಕೊಳ್ಳಿ.”

ಇಂಥ ಹೊತ್ತಿನಲ್ಲೂ ನನ್ನ ಅಂಗೈಯ ಬಗ್ಗೆ ಯೋಚಿಸುತ್ತಾರಲ್ಲ, ಎಂಥ ದೊಡ್ಡ ಮನುಷ್ಯ ಎಂದು ಕಣ್ಣು ತುಂಬಿ ಬಂತು. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ನಾನು ಹಾಗೆ ಹಿಡಿದಷ್ಟೂ ಹಾಯಿ ಗಾಳಿಯನ್ನು ತುಂಬಿಕೊಳ್ಳುತ್ತದೆ, ದೋಣಿ ಇನ್ನಷ್ಟು ವಾಲುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಂಚಿನ ಮೇಲೆ ನೀರು ಹತ್ತಿ ಬಂದು ಉಪ್ಪಿಟ್ಟಿನ ಡಬ್ಬಿ ಕೊಲ್ಲಿಯ ಪಾಲಾಯಿತು. ಗೌಡರು ‘ಬುಡಿ’ ಎನ್ನುವುದನ್ನೂ ಮರೆತು ಬಾಯಿ ತೆರೆದುಕೊಂಡು ಕೂತಿದ್ದರು. ಆಗ ಜಯಮ್ಮ ಅಂಬೆಗಾಲಿನಲ್ಲಿ ಬಂದು, “ಕೊಡಣ್ಣ ಇತ್ಲಾಗೆ” ಎಂದು ನನ್ನ ಮಣಿಕಟ್ಟಿಗೆ ಒಂದೇಟು ಹಾಕಿ, ಸುತ್ತು ಬಿಚ್ಚಿ ಹಗ್ಗವನ್ನು ಸಡಿಲ ಬಿಟ್ಟರು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿ ನೆಟ್ಟಗೆ ನಿಂತಿತು.

ಆ ಹಗ್ಗವನ್ನು ಅವರು ಮತ್ತೆ ಯಾರಿಗೂ ಕೊಡಲಿಲ್ಲ. ಗಾಳಿ ಏರಿದರೆ ಬಿಡುತ್ತಾ, ಇಳಿದರೆ ಎಳೆಯುತ್ತಾ, ಗೌಡರು ಹೇಳುವ ಮೊದಲೇ ತಿಳಿದುಕೊಂಡು ದಡದವರೆಗೆ ಬಂದರು. “ಹೋರಿ ಹಗ್ಗ ಹಿಡ್ದೋಳಿಗೆ ಇದೇನ್ ಮಹಾ” ಎಂದು ಒಮ್ಮೆ ತಮ್ಮಷ್ಟಕ್ಕೆ ಅಂದುಕೊಂಡದ್ದು ಕೇಳಿಸಿತು.

ದಕ್ಕೆಯಲ್ಲಿ ಗೌಡರು ದೋಣಿಯ ಕಡೆ ನೋಡದೆ ಕೇಳಿದರು: “ಸೋಮವಾರ ಪೇಪರಿಗೆ ಆ್ಯಡ್ ಕೊಡ್ಲಾ, ಜಯಾ?”

ಜಯಮ್ಮ ಒದ್ದೆ ಸೆರಗು ಹಿಂಡಿದರು. “ದೋಣಿ ಏನ್ ಮಾಡ್ತು ಪಾಪ? ಅದಿರ್ಲಿ.” ಆಮೇಲೆ ನನ್ನ ಕಡೆ ತಿರುಗಿ, ನೋವಾಗದ ಹಾಗೆ ದನಿ ತಗ್ಗಿಸಿ, “ಮುಂದ್ಲ ವಾರದಿಂದ ಅಣ್ಣಾವ್ರು ದಡದಲ್ಲಿ ಕುಂತಿರ್ಲಿ” ಎಂದರು.

ಆ ಬೇಸಿಗೆಯಿಡೀ ಗಂಡಹೆಂಡಿರಿಬ್ಬರೂ ಶನಿವಾರ ತಪ್ಪದೆ ಹಾಯಿ ಬಿಚ್ಚಿದರು. ನಾನು ಬೆಂಚಿನ ಮೇಲೆ ಕೂತು ಅವರ ಚಪ್ಪಲಿ, ಕಾರಿನ ಕೀ ಕಾದುಕೊಂಡು ಬಿಸಿಲಿಗೆ ಚೆನ್ನಾಗಿ ಕಪ್ಪಾದೆ. ಬೇಸಿಗೆಯ ಕೊನೆಗೆ ಕನ್ನಡ ಕೂಟಕ್ಕೆ ಬಂದ ಹುಡುಗನೊಬ್ಬ ನನ್ನ ಮುಖ ನೋಡಿ ಭಕ್ತಿಯಿಂದ, “ಸಾರ್, ನೀವು ಸೇಲಿಂಗ್ ಮಾಡ್ತೀರಂತೆ?” ಎಂದ. ದೂರದಲ್ಲೆಲ್ಲೋ ದೃಷ್ಟಿಯಿಟ್ಟು ಹೇಳಿದೆ: “ಮೂರು ಜನ ಇದೀವಪ್ಪ. ದಡದ ಕಡೆಯದೆಲ್ಲ ನಾನೇ ನೋಡಿಕೊಳ್ಳೋದು.”